ನಾಲ್ಕು ಕಂಠ, ಐದನೆಯ ದನಿ: ಅರವತ್ತರ ದಶಕದ ಹಾರ್ಮನಿ ಹಾಡುಗಳು ಟೇಪಿಗೆ ಇಳಿದ ಬಗೆ

ಒಳ್ಳೆಯ ತಂಬೂರಿಯ ಮಂದ್ರ ಷಡ್ಜದ ತಂತಿ ಮೀಟಿ ಕಿವಿಗೊಟ್ಟರೆ ಯಾರೂ ಮೀಟದ ಗಾಂಧಾರವೊಂದು ಮೇಲೆ ತೇಲಿ ಬರುತ್ತದೆ. ನಮ್ಮಲ್ಲಿ ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅರವತ್ತರ ದಶಕದ ನಡುವೆ ಅಮೆರಿಕದ ‘ದಿ ಮಾಮಾಸ್ ಅಂಡ್ ದಿ ಪಾಪಾಸ್’ ತಂಡದ ಜಾನ್ ಫಿಲಿಪ್ಸ್, ಮಿಶೆಲ್ ಫಿಲಿಪ್ಸ್, ಡೆನ್ನಿ ಡೋಹರ್ಟಿ ಮತ್ತು ಕ್ಯಾಸ್ ಎಲಿಯಟ್ ಒಟ್ಟಿಗೆ ಹಾಡುವಾಗ ತಮ್ಮ ನಾಲ್ಕು ಕಂಠಗಳ ಮೇಲೆ ಐದನೆಯ ದನಿಯೊಂದು ಕೇಳುವುದನ್ನು ಗಮನಿಸಿದರು. ಅದಕ್ಕೆ ‘ಹಾರ್ವಿ’ ಎಂದು ಹೆಸರನ್ನೂ ಇಟ್ಟರು.

ತಂಬೂರಿಯ ಗಾಂಧಾರಕ್ಕೂ ಹಾರ್ವಿಗೂ ಮೂಲ ಒಂದೇ. ಆ ಮೂಲ ಗೊತ್ತಾದರೆ ಅಂದಿನ ಹಾರ್ಮನಿ (ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವ) ತಂಡಗಳು ಮೈಕಿನ ಮುಂದೆ ಯಾಕೆ ಹಾಗೆ ನಿಂತವು, ಟೇಪನ್ನು ಯಾಕೆ ಹಾಗೆ ಬಳಸಿದವು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು.

ಒಬ್ಬರು ಸೆಕೆಂಡಿಗೆ 200 ಕಂಪನದ ಷಡ್ಜ ಹಿಡಿದಿದ್ದಾರೆ ಎಂದುಕೊಳ್ಳಿ. ಅವರ ಗಂಟಲಿಂದ ಹೊರಡುವುದು ಬರೀ 200 ಅಲ್ಲ. ಅದರ ಜೊತೆ 400, 600, 800, 1000 ಹೀಗೆ ಉಪಸ್ವರಗಳ ಸಾಲೇ ಬರುತ್ತದೆ. ಇನ್ನೊಬ್ಬರು 250ರ ಅಂತರ ಗಾಂಧಾರ ಹಾಡಿದರೆ ಅವರದು 500, 750, 1000. ಪಂಚಮ 300ರಲ್ಲಿದ್ದರೆ 600, 900, 1200. ಈಗ ಮೂಲ ಸ್ವರವನ್ನೇ ಮೊದಲನೆಯದೆಂದು ಎಣಿಸಿ ನೋಡಿ: ಷಡ್ಜದ ಐದನೆಯ ಉಪಸ್ವರವೂ ಗಾಂಧಾರದ ನಾಲ್ಕನೆಯದೂ 1000ದಲ್ಲಿ ಕೂಡುತ್ತವೆ. ಷಡ್ಜದ ಮೂರನೆಯದೂ ಪಂಚಮದ ಎರಡನೆಯದೂ 600ರಲ್ಲಿ ಕೂಡುತ್ತವೆ. ಇಬ್ಬರ ಬಲ ಒಂದೇ ಜಾಗದಲ್ಲಿ ಸೇರಿದ್ದರಿಂದ ಅಲ್ಲೊಂದು ಸ್ವರ ಎದ್ದು ನಿಲ್ಲುತ್ತದೆ. ಅದನ್ನು ಯಾರೂ ಪ್ರತ್ಯೇಕವಾಗಿ ಹಾಡಿಲ್ಲ, ಆದರೆ ಕೋಣೆಯಲ್ಲಿ ಅದು ನಿಜವಾಗಿಯೂ ಇದೆ.

ಪಿಯಾನೊದ ಗಾಂಧಾರ 250 ಅಲ್ಲ, ಹತ್ತಿರ ಹತ್ತಿರ 252. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ್ದರ ಫಲ ಅದು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಅಂತರ ಎಂದಿಟ್ಟರೆ ಈ ಗಾಂಧಾರ ಶುದ್ಧವಾದದ್ದಕ್ಕಿಂತ ಸುಮಾರು 14 ಸೆಂಟ್ ಏರಿದೆ. ಅದರ ನಾಲ್ಕನೆಯ ಉಪಸ್ವರ 1008ರ ಬಳಿ ಬೀಳುತ್ತದೆ, ಷಡ್ಜದ್ದು 1000ದಲ್ಲೇ ಇರುತ್ತದೆ. ಎರಡೂ ಕೂಡುವ ಬದಲು ಸೆಕೆಂಡಿಗೆ ಎಂಟು ಸಲ ತಿಕ್ಕಾಡುತ್ತವೆ, ಶ್ರುತಿ ಕೂಡದ ಎರಡು ತಂತಿಗಳ ನಡುವಿನ ಆ ನಡುಕ ಕೇಳಿಸುತ್ತದೆ. ಐದನೆಯ ದನಿ ಮಾಯವಾಗುತ್ತದೆ. ಹಾರ್ಮೋನಿಯಂ ಬಗ್ಗೆ ನಮ್ಮ ಗಾಯಕರು ಎತ್ತಿದ ತಕರಾರಿನ ಒಂದು ಭಾಗವೂ ಇದೇ. ಪಂಚಮದಲ್ಲಿ ವ್ಯತ್ಯಾಸ ತೀರಾ ಕಮ್ಮಿ, ಎರಡು ಸೆಂಟ್ ಅಷ್ಟೆ. ಹಾಗಾಗಿ ಹಾರ್ಮನಿ ಕೆಡುವುದು ಬಹಳ ಸಲ ಗಾಂಧಾರ ಹಾಡುವವರಿಂದ. ತಂಡದಲ್ಲಿ ಅತ್ಯಂತ ಸೂಕ್ಷ್ಮ ಕಿವಿ ಇದ್ದವರಿಗೆ ಆ ಜಾಗ ಕೊಡಬೇಕು, ಅತ್ಯಂತ ದೊಡ್ಡ ದನಿ ಇದ್ದವರಿಗಲ್ಲ.

ಇನ್ನು ದನಿಗಳನ್ನು ಹಂಚುವ ವಿಚಾರ.

ಎರಡು ದನಿಯ ಹಾರ್ಮನಿಗೆ ಆ ಕಾಲದ ಎಲ್ಲರೂ ಕಿವಿಗೊಟ್ಟದ್ದು ಎವರ್ಲಿ ಸಹೋದರರಿಗೆ. ಡಾನ್ ಸಾಮಾನ್ಯವಾಗಿ ಕೆಳಗಿನ ದನಿ, ಫಿಲ್ ಅದರ ಮೇಲಿನದು. ಷಡ್ಜಕ್ಕೆ ಗಾಂಧಾರ, ರಿಷಭಕ್ಕೆ ಮಧ್ಯಮ, ಗಾಂಧಾರಕ್ಕೆ ಪಂಚಮ ಎಂದು ಒಂದು ಸ್ವರ ಬಿಟ್ಟು ಮುಂದಿನದನ್ನು ಹಿಡಿಯುವ ಪದ್ಧತಿ. ಶಂಕರಾಭರಣದ ಸ್ವರಗಳಲ್ಲಿ ಪ್ರಯತ್ನಿಸಿದರೆ ಮೊದಲ ತೊಡಕು ಕೂಡಲೇ ಸಿಗುತ್ತದೆ. ಷಡ್ಜದಿಂದ ಗಾಂಧಾರಕ್ಕೆ ನಾಲ್ಕು ಸ್ವರಸ್ಥಾನ, ಆದರೆ ರಿಷಭದಿಂದ ಮಧ್ಯಮಕ್ಕೆ ಮೂರೇ. ಮೇಲಿನವರು ಎಲ್ಲ ಕಡೆ ಒಂದೇ ಅಂತರ ಕಾಯ್ದುಕೊಂಡರೆ ಎರಡನೇ ಸ್ವರಕ್ಕೇ ರಾಗದ ಹೊರಗೆ ಬೀಳುತ್ತಾರೆ. ಎರಡನೆಯ ತೊಡಕು ಪಂಚಮದಲ್ಲಿದೆ. ಹಿಂದೆ ಗಿಟಾರ್ ಸ-ಗ-ಪ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ನುಡಿಸುತ್ತಿರುವಾಗ ಕೆಳಗಿನವರು ಪಂಚಮ ಹಿಡಿದರೆ ಮೇಲಿನವರ ಪಾಲಿಗೆ ನಿಷಾದ ಬರುತ್ತದೆ, ಅದು ಷಡ್ಜದ ಜೊತೆ ಉಜ್ಜುತ್ತದೆ. ಅಂಥ ಕಡೆ ನಿಯಮ ಬಿಟ್ಟು ತಾರ ಷಡ್ಜಕ್ಕೆ ಹಾರಬೇಕು. ಕೇಳಲು ಸಲೀಸಾದ ಹಾರ್ಮನಿಯ ಮೇಲಿನ ದನಿಯನ್ನೇ ಬೇರೆಯಾಗಿ ಹಾಡಿ ನೋಡಿ, ಅದು ಹೀಗೆ ಆಗಾಗ ಹಾರುತ್ತ, ಒಂದೇ ಸ್ವರದಲ್ಲಿ ನಿಲ್ಲುತ್ತ ಸಾಗುವುದು ಗೊತ್ತಾಗುತ್ತದೆ.

ಮೂರರಿಂದ ಐದು ದನಿಗೆ ಬಂದಾಗ ಬೀಚ್ ಬಾಯ್ಸ್ ಹೆಸರು ಬರಲೇಬೇಕು. ಕ್ಯಾಲಿಫೋರ್ನಿಯಾದ ಹಾಥೋರ್ನ್ ಊರಿನಲ್ಲಿ 1961ರಲ್ಲಿ ಸೇರಿದ ತಂಡ: ಬ್ರಯಾನ್, ಡೆನಿಸ್ ಮತ್ತು ಕಾರ್ಲ್ ವಿಲ್ಸನ್ ಎಂಬ ಅಣ್ಣತಮ್ಮಂದಿರು, ಅವರ ಸಂಬಂಧಿ ಮೈಕ್ ಲವ್, ಗೆಳೆಯ ಅಲ್ ಜಾರ್ಡೀನ್. 1965ರಲ್ಲಿ ಬ್ರೂಸ್ ಜಾನ್‌ಸ್ಟನ್ ಸೇರಿದರು. ಹದಿಹರೆಯದಲ್ಲಿ ಬ್ರಯಾನ್ ‘ಫೋರ್ ಫ್ರೆಶ್‌ಮೆನ್’ ಎಂಬ ಜಾಝ್ ತಂಡದ ರೆಕಾರ್ಡುಗಳನ್ನು ಮತ್ತೆ ಮತ್ತೆ ಹಾಕಿ, ಒಂದೊಂದೇ ದನಿಯನ್ನು ಪಿಯಾನೊದಲ್ಲಿ ಹುಡುಕಿ ತೆಗೆದು, ಮನೆಯವರಿಗೆ ಹಂಚಿ ಕಲಿಸುತ್ತಿದ್ದರು. ಆ ಪಾಠದ ತಿರುಳು ಒಂದು ಉದಾಹರಣೆಯಲ್ಲಿ ಹೇಳಬಹುದು. ಕಾರ್ಡಿನಲ್ಲಿ ಸ, ಗ, ಪ, ನಿ, ಮೇಲಿನ ರಿ ಎಂದು ಐದು ಸ್ವರ ಇದ್ದು ಹಾಡುವವರು ನಾಲ್ವರೇ ಇದ್ದರೆ ಯಾವುದನ್ನು ಬಿಡಬೇಕು? ಷಡ್ಜವನ್ನು. ಬೇಸ್ ವಾದ್ಯ ಅದನ್ನು ಹೇಗೂ ನುಡಿಸುತ್ತಿದೆ. ಬಣ್ಣ ಕೊಡುವ ಸ್ವರಗಳನ್ನೆಲ್ಲ ಕಂಠಗಳಿಗೆ ಕೊಟ್ಟು, ನೆಲವನ್ನು ವಾದ್ಯಕ್ಕೆ ಬಿಡುವುದು. ಜೊತೆಗೆ ಎಲ್ಲ ಸ್ವರಗಳನ್ನೂ ಒತ್ತೊತ್ತಾಗಿ ಇಡದೆ ಒಂದನ್ನು ಸ್ಥಾಯಿ ಕೆಳಗೆ ಇಳಿಸಿ ನಡುವೆ ಜಾಗ ಬಿಡುವುದು. ಮಂದ್ರದಲ್ಲಿ ಸ್ವರಗಳು ಒತ್ತಿಕೊಂಡರೆ ಶಬ್ದ ಕೆಸರಾಗುತ್ತದೆ, ತಾರದಲ್ಲಿ ಒತ್ತಿಕೊಂಡರೆ ಹೊಳೆಯುತ್ತದೆ. ಬೀಚ್ ಬಾಯ್ಸ್ ಹಾಡುಗಳಲ್ಲಿ ಮೈಕ್ ಲವ್ ಕೆಳಗೆ ದೂರದಲ್ಲಿ ಒಬ್ಬರೇ ಇರುವುದು, ಉಳಿದವರು ಮೇಲೆ ಹತ್ತಿರ ಹತ್ತಿರ ಇರುವುದು, ತುತ್ತತುದಿಯಲ್ಲಿ ಬ್ರಯಾನ್ ಅವರ ಕಳ್ಳದನಿ (ಫಾಲ್ಸೆಟೊ) ಇರುವುದು ಇದಕ್ಕಾಗಿಯೇ. ಕಳ್ಳದನಿಯಲ್ಲಿ ಉಪಸ್ವರಗಳು ಕಡಿಮೆ, ಹಾಗಾಗಿ ಅದು ಎತ್ತರದಲ್ಲಿದ್ದರೂ ಕೆಳಗಿನವರನ್ನು ಮುಚ್ಚುವುದಿಲ್ಲ.

ಮೈಕಿನ ಮುಂದೆ

ಒಂದೇ ಮನೆಯವರ ದನಿ ಕೂಡುವುದಕ್ಕೆ ರಕ್ತದ ಮಹಿಮೆ ಕಾರಣ ಎನ್ನುವವರಿದ್ದಾರೆ. ನಿಜವಾದ ಕಾರಣದ ದೊಡ್ಡ ಪಾಲು ಉಚ್ಚಾರಣೆ. ಒಂದೇ ಅಡುಗೆಮನೆಯಲ್ಲಿ ಮಾತು ಕಲಿತವರ ಆ, ಓ, ಊ ಒಂದೇ ಆಕಾರದಲ್ಲಿರುತ್ತವೆ. ಸ್ವರಾಕ್ಷರ ಎಂದರೆ ಯಾವ ಉಪಸ್ವರಗಳಿಗೆ ಬಾಯಿ ಬಲ ಕೊಡುತ್ತದೆ ಎಂಬುದೇ ಆದ್ದರಿಂದ, ಒಬ್ಬರು ‘ಆ’ ಅನ್ನು ಬಾಯಿ ಅಗಲಿಸಿ, ಇನ್ನೊಬ್ಬರು ತುಟಿ ಗುಂಡಗೆ ಮಾಡಿ ಹಾಡಿದರೆ ಶ್ರುತಿ ಸರಿಯಿದ್ದೂ ಎರಡು ದನಿ ಬೇರೆ ಬೇರೆಯಾಗಿಯೇ ಕೇಳುತ್ತವೆ. ಮಾಮಾಸ್ ಅಂಡ್ ಪಾಪಾಸ್ ರಕ್ತಸಂಬಂಧಿಗಳ ತಂಡವಲ್ಲ. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ನಾಲ್ಕು ಥರದ ಕಂಠ. ಅಂಥ ತಂಡ ಈ ಹೊಂದಿಕೆಯನ್ನು ಅಭ್ಯಾಸದಿಂದಲೇ ಗಳಿಸಬೇಕು.

ಅಭ್ಯಾಸ ಮಾಡುವವರು ಗಮನಿಸಬೇಕಾದದ್ದು ಮುಖ್ಯವಾಗಿ ಮೂರು. ಮೊದಲನೆಯದು ಕಂಪಿತ. ದನಿ ಸೆಕೆಂಡಿಗೆ ಐದಾರು ಸಲ ಮೇಲೆ ಕೆಳಗೆ ತೂಗಿದರೆ ಗಾಂಧಾರದ 14 ಸೆಂಟಿನ ಸೂಕ್ಷ್ಮ ಎಲ್ಲಿ ಉಳಿಯುತ್ತದೆ? ಹಿನ್ನೆಲೆಯ ದನಿಗಳು ನೇರ ಕಂಬದ ಹಾಗೆ ನಿಲ್ಲಬೇಕು, ಕಂಪಿತವೇನಿದ್ದರೂ ಮುಖ್ಯ ಗಾಯಕರಿಗೆ. ಎರಡನೆಯದು ವ್ಯಂಜನ. ಇಂಗ್ಲಿಷ್ ಪದಗಳ ಕೊನೆಯ ‘ಸ್’, ‘ಟ್’ಗಳನ್ನು ನಾಲ್ವರೂ ಉಚ್ಚರಿಸಿದರೆ ಹಾವು ಬುಸುಗುಟ್ಟಿದಂತೆ, ಬಾಗಿಲು ನಾಲ್ಕು ಸಲ ಬಡಿದಂತೆ ಆಗುತ್ತದೆ. ಒಬ್ಬರು ಮಾತ್ರ ಅದನ್ನು ಸ್ಪಷ್ಟವಾಗಿ ಹೇಳಬೇಕು, ಉಳಿದವರು ಸ್ವರಾಕ್ಷರದಲ್ಲೇ ಮುಗಿಸಬೇಕು. ಮೂರನೆಯದು ಉಸಿರು. ಎಲ್ಲಿ ತೆಗೆದುಕೊಳ್ಳಬೇಕೆಂದು ಮೊದಲೇ ಗುರುತು ಹಾಕದಿದ್ದರೆ ಕಾರ್ಡಿನ ಒಂದೊಂದು ಸ್ವರ ಒಂದೊಂದು ಹೊತ್ತಿಗೆ ಉದುರುತ್ತದೆ.

ಮೈಕು ಸಾಮಾನ್ಯವಾಗಿ ಒಂದೋ ಎರಡೋ. ಸುತ್ತ ನಿಂತು ಹಾಡಬೇಕು. ಯಾರ ದನಿ ಜೋರೋ ಅವರು ಹಿಂದೆ ಸರಿಯಬೇಕು. ಒಂದು ಅಡಿ ದೂರದಲ್ಲಿದ್ದವರು ಎರಡು ಅಡಿಗೆ ಹೋದರೆ ಅವರಿಂದ ನೇರವಾಗಿ ಮೈಕಿಗೆ ತಲಪುವ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗುಂಡಿ ತಿರುಗಿಸಿ ಮಾಡುವ ಕೆಲಸವನ್ನು ಇಲ್ಲಿ ಕಾಲು ಮಾಡುತ್ತದೆ. ಬೀಚ್ ಬಾಯ್ಸ್ ಹಾಡುವಾಗ ಮೈಕ್ ಲವ್ ಅವರಿಗೆ ಬೇರೆ ಮೈಕು ಇರುತ್ತಿತ್ತು. ಕೆಳಸ್ಥಾಯಿಯ ಮೆಲುದನಿಯನ್ನು ತೀರಾ ಹತ್ತಿರದಿಂದ ಹಿಡಿಯಬೇಕು, ಹತ್ತಿರ ಹೋದಷ್ಟೂ ಮೈಕು ಮಂದ್ರವನ್ನು ಉಬ್ಬಿಸಿ ಕೊಡುತ್ತದೆ. ಉಳಿದವರು ಇನ್ನೊಂದು ಮೈಕಿನ ಸುತ್ತ.

ಈ ವಿಧಾನದಲ್ಲಿ ಅಪಾಯ ಸ್ಪಷ್ಟವಾಗಿದೆ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಹಾಡಬೇಕು, ತೂಕ ತಪ್ಪಿದ್ದರೆ ಆಮೇಲೆ ತಿದ್ದಲಾಗದು. ಆದರೂ ಹಾರ್ವಿ ಬರುವುದು ಹೀಗೆ ನಿಂತಾಗಲೇ ಹೆಚ್ಚು, ಯಾಕೆಂದರೆ ಪಕ್ಕದವರ ದನಿ ಗಾಳಿಯಲ್ಲಿ ಕೇಳುತ್ತಿರುವಾಗ ಗಾಂಧಾರದವರು ಆ ನಡುಕವನ್ನು ಕಿವಿಯಲ್ಲೇ ಹಿಡಿದು ಕೂದಲೆಳೆಯಷ್ಟು ಕೆಳಗಿಳಿಯುತ್ತಾರೆ. ಹೆಡ್‌ಫೋನಿನಲ್ಲಿ ಶಬ್ದ ಜೋರಾಗಿದ್ದರೆ ಈ ತಿದ್ದುಪಡಿ ಸಾಧ್ಯವಿಲ್ಲ. ಒಂದು ಕಿವಿಯ ಹೆಡ್‌ಫೋನ್ ಸರಿಸಿಟ್ಟು ಹಾಡುವವರನ್ನು ಸ್ಟುಡಿಯೊ ಚಿತ್ರಗಳಲ್ಲಿ ನೀವು ನೋಡಿರಬಹುದು. ಕಾರಣ ಇದು.

ಟ್ರ್ಯಾಕುಗಳ ಜಮಾಖರ್ಚು

ಟ್ರ್ಯಾಕು ಎಂದರೆ ಟೇಪಿನ ಉದ್ದಕ್ಕೂ ಬೇರೆ ಬೇರೆ ಶಬ್ದ ಬರೆಯುವ ಅಕ್ಕಪಕ್ಕದ ಪಟ್ಟಿ. ಈಗಿನ ಕಂಪ್ಯೂಟರಿನಲ್ಲಿ ಅವಕ್ಕೆ ಲೆಕ್ಕವಿಲ್ಲ. ಅಂದು ಮೂರು ಅಥವಾ ನಾಲ್ಕು ಟ್ರ್ಯಾಕು ಇದ್ದರೆ ದೊಡ್ಡದು. ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಬೀಟಲ್ಸ್ ನಾಲ್ಕು ಟ್ರ್ಯಾಕಿನ ಯಂತ್ರವನ್ನು ಮೊದಲು ಬಳಸಿದ್ದು 1963ರ ಅಕ್ಟೋಬರ್ 17ರಂದು. ಅಲ್ಲಿಯವರೆಗೆ ಎರಡೇ.

ಹಳೆಯದರ ಮೇಲೆ ಹೊಸದನ್ನು ಸೇರಿಸಿ ಹಾಡಲು ಮೊದಲು ಒಂದು ಯಾಂತ್ರಿಕ ಸಮಸ್ಯೆ ಬಗೆಹರಿಯಬೇಕಿತ್ತು. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ (ಟೇಪು ತಾಗಿಕೊಂಡು ಓಡುವ ಕಾಂತೀಯ ಭಾಗ) ಒಂದು, ಓದುವ ಹೆಡ್ ಇನ್ನೊಂದು. ಎರಡರ ನಡುವೆ ಎರಡು ಇಂಚು ಅಂತರ ಇದ್ದು ಟೇಪು ಸೆಕೆಂಡಿಗೆ 15 ಇಂಚು ಓಡಿದರೆ, ಓದುವ ಹೆಡ್ಡಿನಿಂದ ಬಂದದ್ದನ್ನು ಕೇಳಿಸಿಕೊಂಡು ಹಾಡಿದ್ದು 0.13 ಸೆಕೆಂಡ್ ತಡವಾಗಿ ಟೇಪಿನಲ್ಲಿ ಬೀಳುತ್ತದೆ. ತಾಳ ಕೆಡಲು ಇಷ್ಟು ಸಾಕು. ಆಂಪೆಕ್ಸ್ ಕಂಪನಿ ಇದಕ್ಕೆ ಸೆಲ್-ಸಿಂಕ್ ಎಂಬ ಪರಿಹಾರ ತಂದಿತು: ಹಳೆಯ ಟ್ರ್ಯಾಕನ್ನು ಬರೆಯುವ ಹೆಡ್ಡಿನಿಂದಲೇ ಓದುವುದು. ಆಗ ಕೇಳುವುದೂ ಬರೆಯುವುದೂ ಒಂದೇ ಜಾಗ. ಆ ಹೆಡ್ ಓದುವ ಕೆಲಸಕ್ಕೆ ಮಾಡಿದ್ದಲ್ಲವಾದ್ದರಿಂದ ಗಾಯಕರಿಗೆ ಕೇಳುತ್ತಿದ್ದ ಶಬ್ದ ಮಂಕಾಗಿರುತ್ತಿತ್ತು.

ಇನ್ನು 1966ರ ಮೇ 16ರಂದು ಹೊರಬಂದ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಕೆಲಸ ನೋಡೋಣ. ಆ ವರ್ಷದ ಜನವರಿಯಲ್ಲಿ ತಂಡದ ಉಳಿದವರು ಜಪಾನ್ ಪ್ರವಾಸದಲ್ಲಿದ್ದಾಗ ಬ್ರಯಾನ್ ಲಾಸ್ ಏಂಜಲೀಸ್‌ನಲ್ಲಿ ವಾದ್ಯಗಳ ಟೇಪು ಮಾಡತೊಡಗಿದ್ದರು. ಬಹುಪಾಲು ಕೆಲಸ ವೆಸ್ಟರ್ನ್ ಸ್ಟುಡಿಯೊದಲ್ಲಿ, ಎಂಜಿನಿಯರ್ ಚಕ್ ಬ್ರಿಟ್ಸ್. ವಾದ್ಯದವರೆಲ್ಲ ಒಟ್ಟಿಗೆ ನುಡಿಸುತ್ತಾರೆ, ಅದು ಮೂರು ಅಥವಾ ನಾಲ್ಕು ಟ್ರ್ಯಾಕಿನಲ್ಲಿ ತುಂಬುತ್ತದೆ. ಕಂಠಕ್ಕೆ ಜಾಗ ಉಳಿಯಲಿಲ್ಲ. ಆಗ ಆ ಎಲ್ಲ ಟ್ರ್ಯಾಕುಗಳನ್ನು ಮಿಶ್ರ ಮಾಡಿ, ಇನ್ನೊಂದು ಯಂತ್ರದ ಹೊಸ ಟೇಪಿನ ಒಂದೇ ಟ್ರ್ಯಾಕಿಗೆ ಇಳಿಸುತ್ತಾರೆ. ಹೊಸ ಟೇಪು ನಾಲ್ಕು ಟ್ರ್ಯಾಕಿನದಾದರೆ ಕಂಠಗಳಿಗೆ ಮೂರು ಸಿಕ್ಕವು. ಕೊಲಂಬಿಯಾ ಸ್ಟುಡಿಯೊದಲ್ಲಿ ಎಂಟು ಟ್ರ್ಯಾಕಿನ ಯಂತ್ರವಿತ್ತು, ಅಲ್ಲಿಗೆ ಹೋದರೆ ಏಳು. ಬ್ರಯಾನ್ ಕಂಠಗಳಿಗಾಗಿ ಅಲ್ಲಿಗೆ ಹೋಗಲು ಇದೇ ಕಾರಣ.

ಈ ಇಳಿಸುವಿಕೆಗೆ ತೆರಬೇಕಾದ ಬೆಲೆ ಎರಡು. ಒಂದು, ಟೇಪಿನ ‘ಸ್‌ಸ್’ ಸದ್ದು. ಒಂದು ಪ್ರತಿಯ ಸದ್ದಿಗೆ ಅಷ್ಟೇ ಪ್ರಮಾಣದ ಇನ್ನೊಂದು ಪ್ರತಿಯ ಸದ್ದು ಸೇರಿದರೆ ಒಟ್ಟು 3 ಡೆಸಿಬಲ್ ಏರುತ್ತದೆ, ತಾರದ ಹೊಳಪೂ ಒಂದಿಷ್ಟು ಸವೆಯುತ್ತದೆ. ಎರಡು, ಒಮ್ಮೆ ಇಳಿಸಿದ ಮೇಲೆ ವಾದ್ಯಗಳ ತೂಕ ಶಾಶ್ವತ. ಕಂಠ ಸೇರಿದ ಮೇಲೆ ಗಂಟೆಯ ಸದ್ದು ಜಾಸ್ತಿಯಾಯಿತು ಎನಿಸಿದರೆ ಮಾಡಲು ಏನೂ ಇಲ್ಲ. ಇನ್ನೂ ಹಾಡಿರದ ಕಂಠವನ್ನು ತಲೆಯೊಳಗೆ ಕೇಳಿಕೊಂಡೇ ವಾದ್ಯಗಳ ತೂಕ ನಿರ್ಧರಿಸಬೇಕಿತ್ತು. ಬ್ರಯಾನ್ ಅವರ ದೊಡ್ಡತನ ನನಗೆ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಅಳಿಸುವ ಕೆಲಸವೂ ಕೈಚಳಕದ್ದೇ. ಮಾಮಾಸ್ ಅಂಡ್ ಪಾಪಾಸ್ ತಂಡದ ‘ಕ್ಯಾಲಿಫೋರ್ನಿಯಾ ಡ್ರೀಮಿನ್’ 1965ರ ಡಿಸೆಂಬರಿನಲ್ಲಿ ಬಂತು. ಆ ಟೇಪು ಮೊದಲು ಬ್ಯಾರಿ ಮ್ಯಾಕ್‌ಗ್ವಾಯರ್ ಎಂಬ ಗಾಯಕರಿಗಾಗಿ ಮಾಡಿದ್ದು, ತಂಡದವರು ಹಿನ್ನೆಲೆ ಹಾಡಿದ್ದರು. ಆಮೇಲೆ ಮ್ಯಾಕ್‌ಗ್ವಾಯರ್ ದನಿ ಅಳಿಸಿ ಡೆನ್ನಿ ಡೋಹರ್ಟಿ ಅವರಿಂದ ಹಾಡಿಸಿದರು. ಅಳಿಸುವಿಕೆ ಪೂರ್ತಿಯಾಗಲಿಲ್ಲ. ಸ್ಟೀರಿಯೊ ಪ್ರತಿಯ ಶುರುವಿನಲ್ಲಿ ಎಡ ಬದಿಗೆ ಕಿವಿಗೊಟ್ಟರೆ ಮ್ಯಾಕ್‌ಗ್ವಾಯರ್ ಅವರ ದನಿಯ ತುಣುಕು ಈಗಲೂ ಕೇಳುತ್ತದೆ.

ಒಬ್ಬರೇ ಇಬ್ಬರಾಗುವುದು

ಒಬ್ಬ ಗಾಯಕ ಅದೇ ಸಾಲನ್ನು ಎರಡು ಸಲ ಹಾಡಿ ಎರಡನ್ನೂ ಒಟ್ಟಿಗೆ ಕೇಳಿಸುವುದಕ್ಕೆ ಡಬಲ್ ಟ್ರ್ಯಾಕಿಂಗ್ ಎನ್ನುತ್ತಾರೆ. ಎರಡು ಸಲದ ನಡುವೆ ಕೆಲವು ಸೆಂಟ್ ಶ್ರುತಿವ್ಯತ್ಯಾಸ, ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗ ಕಾಲವ್ಯತ್ಯಾಸ ಇದ್ದೇ ಇರುತ್ತದೆ. ಅದರಿಂದಲೇ ದನಿ ದಪ್ಪವಾಗುವುದು. ವ್ಯತ್ಯಾಸ ಹೆಚ್ಚಾದರೆ ಇಬ್ಬರು ಹಾಡಿದಂತಾಗುತ್ತದೆ, ಪದದ ಕೊನೆಯ ‘ಸ್’ ಎರಡು ಸಲ ಬಂದು ಗುಟ್ಟು ರಟ್ಟು. ಅದಕ್ಕೇ ಎರಡನೇ ಸಲ ಹಾಡುವಾಗ ಪದದ ಕೊನೆಗಳನ್ನು ನುಂಗಿ ಹಾಡುವ ರೂಢಿ.

ಬೀಟಲ್ಸ್ ತಂಡದ ಜಾನ್ ಲೆನನ್ ಅವರಿಗೆ ಹೀಗೆ ಎರಡೆರಡು ಸಲ ಹಾಡುವುದು ಬೇಸರದ ಕೆಲಸ. 1966ರಲ್ಲಿ ಇಎಂಐ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಎಡಿಟಿ (ಕೃತಕ ಡಬಲ್ ಟ್ರ್ಯಾಕಿಂಗ್) ಎಂಬ ಉಪಾಯ ಕಂಡುಹಿಡಿದರು. ಮೇಲೆ ಹೇಳಿದ ಎರಡು ಹೆಡ್‌ಗಳ ಅಂತರವೇ ಇಲ್ಲಿ ನೆರವಿಗೆ ಬಂತು. ಬರೆಯುವ ಹೆಡ್ಡಿನಿಂದ ಓದಿದ ಕಂಠ ಓದುವ ಹೆಡ್ಡಿನದಕ್ಕಿಂತ ಮೊದಲೇ ಹೊರಬರುತ್ತದಲ್ಲ? ಅದನ್ನು ಎರಡನೇ ಯಂತ್ರಕ್ಕೆ ಕಳಿಸಿ, ಅಲ್ಲಿ ಬರೆದು ಓದಿಸುವಷ್ಟರಲ್ಲಿ ಮೂಲ ಕಂಠವೂ ಬಂದು ಸೇರುತ್ತದೆ. ಎರಡನೇ ಯಂತ್ರದ ವೇಗವನ್ನು ತುಸು ತೂಗಿಸಿದರೆ ನಕಲು ಹಿಂದೆ ಮುಂದೆ ಸರಿಯುತ್ತ ಇನ್ನೊಬ್ಬರು ಹಾಡಿದಂತೆ ಕೇಳುತ್ತದೆ. ತೂಗಿಸದೆ ಬಿಟ್ಟರೆ ಅದೇ ದನಿಯ ನಿರ್ಜೀವ ನಕಲು ಅಷ್ಟೆ.

ಹಾರ್ಮನಿಯಲ್ಲಿ ನಿಜವಾದ ಡಬಲ್ ಟ್ರ್ಯಾಕಿಂಗ್ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೀಟಲ್ಸ್ ತಂಡದ ‘ಬಿಕಾಸ್’ ಸಾಕ್ಷಿ. 1969ರ ಆಗಸ್ಟ್ ತಿಂಗಳಲ್ಲಿ, ಎಂಟು ಟ್ರ್ಯಾಕಿನ ಟೇಪಿನಲ್ಲಿ, ಜಾನ್, ಪಾಲ್, ಜಾರ್ಜ್ ಮೂವರೂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಜೊತೆ ಹೊಂದಿಸಿಕೊಂಡ ಮೂರು ದನಿಗಳನ್ನು ಒಟ್ಟಿಗೆ ಮೂರು ಸಲ ಹಾಡಿದರು. ಒಟ್ಟು ಒಂಬತ್ತು ಕಂಠ. ಪ್ರತಿ ಸಲವೂ ಮೂವರೂ ಒಟ್ಟಿಗೇ ಹಾಡಿದ್ದು ಮುಖ್ಯ. ಒಬ್ಬೊಬ್ಬರೇ ಬಂದು ಮೂರು ಮೂರು ಸಲ ಹಾಡಿ ಹೋಗಿದ್ದರೆ ಲೆಕ್ಕ ಒಂಬತ್ತೇ ಆಗುತ್ತಿತ್ತು, ಆದರೆ ಒಬ್ಬರು ಇನ್ನೊಬ್ಬರ ಸ್ವರಕ್ಕೆ ಒಲಿಯುವುದು ಆಗುತ್ತಿರಲಿಲ್ಲ.

‘ಪೆಟ್ ಸೌಂಡ್ಸ್’ನ ‘ಗಾಡ್ ಓನ್ಲಿ ನೋಸ್’ ಹಾಡಿನ ಕೊನೆಯಲ್ಲಿ ಸಾಲುಗಳು ಒಂದರ ಬೆನ್ನಿಗೊಂದು ಸುತ್ತುವ ಭಾಗವಿದೆ. ಮುಖ್ಯ ದನಿ ಕಾರ್ಲ್ ಅವರದಾದರೂ ಈ ಸುತ್ತಿನಲ್ಲಿ ಹಾಡಿದವರು ಇಬ್ಬರೇ: ಮೇಲಿನ ಮತ್ತು ಕೆಳಗಿನ ದನಿ ಎರಡೂ ಬ್ರಯಾನ್, ನಡುವಿನದು ಬ್ರೂಸ್ ಜಾನ್‌ಸ್ಟನ್. ಟ್ರ್ಯಾಕು ಉಳಿದಿದ್ದರೆ ಮಾತ್ರ ಹೀಗೆ ಮಾಡಬಹುದು.

ಯಾವ ಪ್ರತಿ ಕೇಳಬೇಕು

ಬ್ರಯಾನ್ ಅವರಿಗೆ ಬಲಗಿವಿ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ, ಅಂದು ಅವರು ಮಿಶ್ರ ಮಾಡುತ್ತಿದ್ದುದು ಮೋನೊದಲ್ಲಿ, ಅಂದರೆ ಎಡ ಬಲ ಭೇದವಿಲ್ಲದೆ ಎಲ್ಲ ಶಬ್ದ ಒಂದೇ ಆಗಿ ಬರುವಂತೆ. ಅಂದಿನ ಕಾರು, ರೇಡಿಯೊಗಳಿಗೂ ಅದೇ ಸರಿಹೊಂದುತ್ತಿತ್ತು. ಆದ್ದರಿಂದ ‘ಪೆಟ್ ಸೌಂಡ್ಸ್’ ಅನ್ನು ಮೊದಲು ಮೋನೊದಲ್ಲೇ ಕೇಳಿ. ಸಾಧ್ಯವಾದರೆ ಹೆಡ್‌ಫೋನ್ ಬಿಟ್ಟು ಒಂದೇ ಸ್ಪೀಕರಿನಲ್ಲಿ ಕೇಳಿ. ದನಿಗಳು ಒಂದೇ ಬಿಂದುವಿನಿಂದ ಬರುವಾಗ ಆ ಬೆಸುಗೆ ಬೇರೆಯೇ.

ಸ್ಟೀರಿಯೊ ಬಂದದ್ದು ಮೂರು ದಶಕದ ಮೇಲೆ, 1997ರ ಬಾಕ್ಸ್ ಸೆಟ್‌ನಲ್ಲಿ. ಎಂಜಿನಿಯರ್ ಮಾರ್ಕ್ ಲಿನೆಟ್ ಅವರು ಇಳಿಸುವುದಕ್ಕೆ ಮುಂಚಿನ ವಾದ್ಯಗಳ ಮೂಲ ಟೇಪನ್ನೂ ಕಂಠಗಳ ಟೇಪನ್ನೂ ಡಿಜಿಟಲ್ ಆಗಿ ಜೋಡಿಸಿ ಅದನ್ನು ಕಟ್ಟಿದರು. ಎರಡು ಯಂತ್ರಗಳ ವೇಗ ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣದ ಶ್ರಮ ಅದು. ಎಲ್ಲ ಟೇಪೂ ಸಿಗಲಿಲ್ಲ ಎಂಬುದಕ್ಕೆ ಗುರುತೂ ಇದೆ: ‘ವುಡಂಟ್ ಇಟ್ ಬಿ ನೈಸ್’ ಹಾಡಿನ ನಡುಭಾಗದಲ್ಲಿ ಮೋನೊ ಪ್ರತಿಯಲ್ಲಿರುವುದು ಮೈಕ್ ಲವ್, ಆ ಸ್ಟೀರಿಯೊದಲ್ಲಿ ಬ್ರಯಾನ್.

ಅದೇ ಸೆಟ್‌ನಲ್ಲಿ ವಾದ್ಯವಿಲ್ಲದ ಬರೀ ಕಂಠಗಳ ಮಿಶ್ರಣವೂ ಇದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗದು. ‘ಬಿಕಾಸ್’ನ ಬರೀ ಕಂಠದ ಪ್ರತಿ 1996ರ ‘ಆಂಥಾಲಜಿ 3’ರಲ್ಲಿದೆ. ಕೇಳುವ ಕ್ರಮ ಹೀಗಿರಲಿ: ಮೊದಲ ಸಲ ಕೆಳಗಿನ ದನಿಯನ್ನು ಮಾತ್ರ ಹಿಡಿದು ಗುನುಗಿ, ಆಮೇಲೆ ಮೇಲಿನದನ್ನು, ನಡುವಿನದನ್ನು ಕೊನೆಗೆ. ನಡುವಿನದು ಯಾವಾಗಲೂ ಕಷ್ಟ. ಎರಡು ತುದಿ ಗೊತ್ತಾಗದೆ ಅದು ಕೈಗೆ ಸಿಗುವುದಿಲ್ಲ.

‘ಪೆಟ್ ಸೌಂಡ್ಸ್’ನ ಹಳೆಯ ಎಲ್‌ಪಿ ಹುಡುಕಿ ಕೊಳ್ಳುವವರಾದರೆ ಕವರಿನ ಮೇಲೆ ‘ಡ್ಯುವೊಫೋನಿಕ್’ ಎಂದಿದೆಯೇ ನೋಡಿ. ಅದು ಕ್ಯಾಪಿಟಲ್ ಕಂಪನಿ ಮೋನೊ ಟೇಪಿನಿಂದ ಮಾಡಿದ ಹುಸಿ ಸ್ಟೀರಿಯೊ. ಒಂದು ಬದಿಗೆ ಮಂದ್ರ, ಇನ್ನೊಂದಕ್ಕೆ ತಾರ ಹೆಚ್ಚಿಸಿ, ನಡುವೆ ತುಸು ಕಾಲಾಂತರ ಸೇರಿಸುವ ವಿಧಾನ. ಒಂದೇ ಕಂಠದ ಉಪಸ್ವರಗಳು ಎರಡು ಸ್ಪೀಕರಿಗೆ ಹಂಚಿಹೋಗುತ್ತವೆ, ಬೆಸುಗೆ ಬಿಡುತ್ತದೆ. ಬೆಲೆ ಕಮ್ಮಿ ಇದ್ದರೂ ಅದನ್ನು ಬಿಟ್ಟು ಮೋನೊ ಪ್ರತಿಗೆ ಕಾಯಿರಿ.